ಅಕ್ಕಿಯ ಕಾರ್ಡಿಗೂ ಆಪರೇಷನ್ನಿಗೂ ಏನು ಸಂಬಂಧ?

ಹಾಲುರಾಮೇಶ್ವರದ ಗಂಗೆ ಯಾರ ಹತ್ತಿರವೂ ರೇಷನ್ ಕಾರ್ಡ್ ಕೇಳುವುದಿಲ್ಲ. ಕೊಳದ ಮುಂದೆ ಕೂತು ಬೇಡಿಕೊಂಡರೆ ಬಾಳೆಹಣ್ಣೋ, ಬಳೆಯೋ, ತೊಟ್ಟಿಲೋ ನೀರಿನಿಂದ ಮೇಲೆದ್ದು ಬರುತ್ತದೆ, ಬೇಡಿದ್ದು ಈಡೇರುತ್ತದೆ ಅನ್ನೋದು ನಮ್ಮ ಹೊಸದುರ್ಗ ಸೀಮೆಯ ನಂಬಿಕೆ. ನಂಬುವವರು ನಂಬಲಿ, ಬಿಡುವವರು ಬಿಡಲಿ. ನನ್ನ ತಕರಾರು ಗಂಗೆಯ ಮೇಲಲ್ಲ. ಎದೆ ಹಿಡಿದುಕೊಂಡು ಬಂದವನಿಗೆ "ನೀನು ಬಡವನೋ ಅಲ್ಲವೋ, ಮೊದಲು ಅದನ್ನ ತೋರಿಸು" ಅನ್ನುವ ಸರ್ಕಾರದ ಮೇಲೆ.

ನಿಯಮ ಏನು ಹೇಳುತ್ತದೆ ನೋಡಿ. 2018ರ ಮಾರ್ಚ್‌ನಲ್ಲಿ 'ಆರೋಗ್ಯ ಕರ್ನಾಟಕ' ಶುರುವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಕೊಂಡಿತು. ಬಿಪಿಎಲ್ ಕಾರ್ಡ್ ಇದ್ದರೆ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ ಸರ್ಕಾರ ಕೊಡುವುದು ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ದಾಟುವ ಹಾಗಿಲ್ಲ. ಉಳಿದ ಶೇ. 70 ನಿಮ್ಮ ಜೇಬಿನಿಂದ. ಇಬ್ಬರ ಕೈಗೂ ಆಯುಷ್ಮಾನ್ ಕಾರ್ಡ್ ಬರುತ್ತದೆ. ಅದು ಎಷ್ಟು ಬೆಲೆಬಾಳುತ್ತದೆ ಅನ್ನೋದು ಗೊತ್ತಾಗುವುದು ಆಸ್ಪತ್ರೆಯ ಕೌಂಟರಿನಲ್ಲಿ.

ಬಿಪಿಎಲ್ ಯಾರು? ವರ್ಷದ ಆದಾಯ 1.20 ಲಕ್ಷ ರೂಪಾಯಿ ಮೀರದ ಕುಟುಂಬ. ಸ್ವಲ್ಪ ಲೆಕ್ಕ ಹಾಕೋಣ. ನಮ್ಮ ರಾಜ್ಯದಲ್ಲಿ 2025-26ಕ್ಕೆ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ. ಗಂಡ ಹೆಂಡತಿ ಇಬ್ಬರೂ ಈ ದರದಲ್ಲಿ ತಿಂಗಳಿಗೆ ಹದಿನೈದೇ ದಿನ ಕೂಲಿಗೆ ಹೋದರೂ ವರ್ಷಕ್ಕೆ 1,33,200 ರೂಪಾಯಿ ಆಗುತ್ತದೆ. ಅಂದರೆ ಅರ್ಧ ತಿಂಗಳು ಮಣ್ಣು ಹೊತ್ತವರೂ ಕಾಗದದ ಮೇಲೆ ಬಡವರಲ್ಲ! ಇನ್ನೊಂದು ಲೆಕ್ಕ ಕೇಳಿ. ಒಬ್ಬನ ಆದಾಯ 1.20 ಲಕ್ಷ, ಪಕ್ಕದ ಮನೆಯವನದು 1.21 ಲಕ್ಷ. ಇಬ್ಬರಿಗೂ ಒಂದು ಲಕ್ಷದ ಪ್ಯಾಕೇಜಿನ ಆಪರೇಷನ್ ಆಯಿತು ಅನ್ನಿ. ಮೊದಲನೆಯವನು ಕಟ್ಟುವುದು ಸೊನ್ನೆ, ಎರಡನೆಯವನು ಕಟ್ಟುವುದು 70 ಸಾವಿರ. ಒಂದು ಸಾವಿರ ಹೆಚ್ಚು ದುಡಿದ ತಪ್ಪಿಗೆ ಎಪ್ಪತ್ತು ಸಾವಿರ ದಂಡ. ಇದನ್ನು ಯಾವ ನ್ಯಾಯ ಅಂತ ಕರೆಯೋಣ?

2024ರ ನವೆಂಬರ್ ನೆನಪಿಸಿಕೊಳ್ಳಿ. ಅನರ್ಹರನ್ನು ತೆಗೆಯುತ್ತೇವೆ ಅಂತ ಹೇಳಿ ಬಿಪಿಎಲ್ ಕಾರ್ಡುಗಳನ್ನು ಎಪಿಎಲ್‌ಗೆ ಬದಲಿಸುವ ಕೆಲಸ ನಡೆಯಿತು. ಗಲಾಟೆ ಎದ್ದ ಮೇಲೆ, ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡುತ್ತೇವೆ ಅಂದರು. ಆಗ ಟೀವಿಯಲ್ಲಿ, ಪೇಪರಿನಲ್ಲಿ ಎಲ್ಲರೂ ಮಾತಾಡಿದ್ದು ಅಕ್ಕಿಯ ಬಗ್ಗೆಯೇ. ಕಾರ್ಡಿನ ಜೊತೆ ಆಸ್ಪತ್ರೆಯ ಬಾಗಿಲೂ ಮುಚ್ಚಿಕೊಂಡಿತು ಅಂತ ಎಷ್ಟು ಜನ ಹೇಳಿದರು?

ನಮ್ಮ ಚಿಕ್ಕಪ್ಪನ ಕಾರ್ಡೂ ಹಾಗೇ ಎಪಿಎಲ್ ಆಗಿತ್ತು. ಎರಡೆಕರೆ ತೆಂಗು, ಬತ್ತಿದ ಬೋರು, ಅಷ್ಟೇ ಆಸ್ತಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಬೈಕ್ ಸಾಲಕ್ಕೆ ಬೇಕು ಅಂತ ಐಟಿ ರಿಟರ್ನ್ ಹಾಕಿದ್ದ. ಕಟ್ಟಿದ ತೆರಿಗೆ ಒಂದು ರೂಪಾಯಿಯೂ ಇಲ್ಲ. ಆದರೆ ಅವನ ಹೆಸರು ಅಪ್ಪನ ಕಾರ್ಡಿನಲ್ಲೇ ಇತ್ತು. ಎದೆನೋವು ಅಂತ ಚಿಕ್ಕಪ್ಪನನ್ನು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದಾಗ ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ, "ಸರ್, ಇದು ಎಪಿಎಲ್ ಆಗೈತೆ, ನೀವೇ ಕಟ್ಟಬೇಕಾಗ್ತದೆ" ಅಂದ. ಅವನ ತಪ್ಪೇನಿಲ್ಲ, ಪರದೆ ಮೇಲೆ ಬಂದಿದ್ದನ್ನು ಓದಿದ. ಮಂಚದ ಮೇಲೆ ಮಲಗಿದ್ದ ಚಿಕ್ಕಪ್ಪ ನನ್ನನ್ನು ಕೇಳಿದ: "ನಾನ್ಯಾವಾಗ ಸಾವ್ಕಾರ ಆದೆ ಕಣಪ್ಪ? ನಂಗೊಂದು ಮಾತು ಹೇಳಬಾರದಿತ್ತಾ?" ಸ್ಟೆಂಟ್ ಹಾಕಿಸಿದೆವು, ಜೀವ ಉಳಿಯಿತು. ಚಿಕ್ಕಮ್ಮನ ಸರ, ಕೈಬಳೆ ಸೊಸೈಟಿಯ ಲಾಕರ್ ಸೇರಿದವು. ಸಾಹುಕಾರ ಅಂತ ಕರೆಸಿಕೊಂಡವನು ಹದಿನೈದೇ ದಿನದಲ್ಲಿ ನಿಜಕ್ಕೂ ಬಡವನಾದ. ಈಗ ಅವನು ಬಿಪಿಎಲ್‌ಗೆ ಪೂರ್ತಿ ಅರ್ಹ!

ನಮ್ಮ ಕಡೆ ಬಡತನ ಒಂದು ಕಡೆ ನಿಲ್ಲುವ ವಸ್ತುವಲ್ಲ. ಅಡಿಕೆಗೆ ರೇಟು ಬಂದ ವರ್ಷ ಒಂದು ಥರ, ಬೋರು ಕೈಕೊಟ್ಟ ವರ್ಷ ಇನ್ನೊಂದು ಥರ. ಪಹಣಿಯಲ್ಲಿ ತೋಟ ಅಂತ ಬರೆದಿರುತ್ತದೆ, ಹೋಗಿ ನೋಡಿದರೆ ಸುಳಿ ಒಣಗಿದ ಮರಗಳು. ಕಾಗದ ಹಳೇದು, ಕಾಯಿಲೆ ಹೊಸದು. ಎರಡಕ್ಕೂ ತಾಳೆ ಹಾಕಿದರೆ ಸಾಯುವವನು ರೈತ.

"ಎಲ್ಲರಿಗೂ ಕೊಡೋಕೆ ದುಡ್ಡು ಎಲ್ಲಿಂದ ತರೋದು? ಸುಳ್ಳು ಬಿಪಿಎಲ್‌ನವರೇ ತುಂಬಿಕೊಂಡಿದ್ದಾರೆ" ಅಂತ ವಾದ ಮಾಡುವವರಿದ್ದಾರೆ. ಸುಳ್ಳು ಕಾರ್ಡುಗಳಿವೆ, ಒಪ್ಪೋಣ. ಆದರೆ ಅವು ಹುಟ್ಟುವುದು ಯಾಕೆ? ಸೊಸೈಟಿ ಅಕ್ಕಿಯನ್ನು ಊಟಕ್ಕೇ ಬಳಸದ ಮನೆಯವರೂ ಆ ಕಾರ್ಡನ್ನು ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಿರುತ್ತಾರೆ. ಅಕ್ಕಿಯ ಆಸೆಗಲ್ಲ, ನಾಳೆ ಆಸ್ಪತ್ರೆಗೆ ಬೇಕಾದೀತು ಅನ್ನುವ ಭಯಕ್ಕೆ. ಆ ಭಯ ತೆಗೆಯಿರಿ, ಅರ್ಧ ಜನ ತಾವೇ ಬಂದು ಕಾರ್ಡ್ ಒಪ್ಪಿಸುತ್ತಾರೆ. ಸುಳ್ಳು ಬಡವರನ್ನು ಹುಟ್ಟಿಸುತ್ತಿರುವುದೇ ಈ ನಿಯಮ.

ಜನ ಪುಕ್ಕಟೆಯೇ ಕೇಳುತ್ತಾರೆ ಅನ್ನುವುದೂ ಸುಳ್ಳು. 2003ರಲ್ಲಿ ಯಶಸ್ವಿನಿ ಶುರುವಾದಾಗ ಸಹಕಾರ ಸಂಘದ ರೈತರು ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಸೇರಿದರು. ಯಾರೂ ಅವರ ಬಿಪಿಎಲ್ ಕಾರ್ಡ್ ಕೇಳಲಿಲ್ಲ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಮುಳುಗಿಸಿದರು. ಮತ್ತೆ ಜೀವ ಬಂದಿದ್ದು 2023ರ ಜನವರಿಯಲ್ಲಿ. ಈ ಸಲ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ. ಒಳ್ಳೆಯದೇ. ಆದರೆ ಸಂಘದ ಸದಸ್ಯರಿಗೆ ಮಾತ್ರ, ನೋಂದಣಿ ತೆರೆದ ಕೆಲವು ತಿಂಗಳಲ್ಲಿ ಮಾತ್ರ. ಸಂಘದ ಹೊರಗಿರುವ ಟೈಲರ್, ಆಟೋದವನು, ಹೋಟೆಲಿನ ಸಪ್ಲೈಯರ್ ಎಲ್ಲಿಗೆ ಹೋಗಬೇಕು?

ಬೇರೆಯವರು ದಾರಿ ತೋರಿಸಿದ್ದಾರೆ. ನಮ್ಮ ಜಿಲ್ಲೆಗೆ ಅಂಟಿಕೊಂಡೇ ಇರುವ ಆಂಧ್ರ ಆರೋಗ್ಯಶ್ರೀಗೆ ಆದಾಯದ ಮಿತಿಯನ್ನು ವರ್ಷಕ್ಕೆ 5 ಲಕ್ಷಕ್ಕೆ ಏರಿಸಿತು. ರಾಜಸ್ಥಾನ 2021ರಲ್ಲಿ, ಉಚಿತದ ಪಟ್ಟಿಯಲ್ಲಿ ಇಲ್ಲದ ಕುಟುಂಬಗಳೂ ವರ್ಷಕ್ಕೆ 850 ರೂಪಾಯಿ ಕಟ್ಟಿ ಸೇರಬಹುದು ಅಂತ ಮಾಡಿತು. ಅವರಿಗೆ ಆಗಿದ್ದು ನಮಗೆ ಯಾಕೆ ಆಗಬಾರದು?

ಹಾಗಾಗಿ ನಾನು ಕೇಳುವುದು ಮೂರೇ. ಅಕ್ಕಿಯ ಕಾರ್ಡನ್ನು ಆಸ್ಪತ್ರೆಯಿಂದ ಬಿಡಿಸಿ. ಎಪಿಎಲ್ ಕುಟುಂಬಗಳೂ ವರ್ಷಕ್ಕೆ ಇಷ್ಟು ಅಂತ ಕಂತು ಕಟ್ಟಿ ಪೂರ್ತಿ 5 ಲಕ್ಷದ ರಕ್ಷಣೆ ಪಡೆಯುವ ಹಾಗೆ ಮಾಡಿ. ಅಲ್ಲಿಯವರೆಗೆ, ಯಾರ ಕಾರ್ಡ್ ಬದಲಿಸಿದರೂ ಮೊದಲೇ ಮನೆಗೆ ನೋಟಿಸ್ ಕೊಡಿ. ತಕರಾರು ಇತ್ಯರ್ಥ ಆಗುವವರೆಗೆ ಹಳೆ ಕಾರ್ಡಿನ ಮೇಲೇ ಚಿಕಿತ್ಸೆ ನಡೆಯಲಿ.

ಓದುಗರಿಗೂ ಒಂದು ಮಾತು. ಇವತ್ತೇ ನಿಮ್ಮ ಕಾರ್ಡ್ ಬಿಪಿಎಲ್ಲೋ ಎಪಿಎಲ್ಲೋ ನೋಡಿಕೊಳ್ಳಿ, ಅಕ್ಕಪಕ್ಕದ ಮನೆಯವರದ್ದನ್ನೂ ನೋಡಿಕೊಡಿ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಮಾತು ಮುಗಿದ ಮೇಲೆ ಎದ್ದು ನಿಂತು ಇದನ್ನೂ ಕೇಳಿ. ಇರುವುದನ್ನೆಲ್ಲ ಮಾರಿ ಬಡವರಾದ ಮೇಲೆ ಬನ್ನಿ ಅನ್ನುವುದಕ್ಕೆ ವಿಮೆ ಅಂತ ಹೆಸರು ಯಾಕೆ?