ಕೆಲಸಕ್ಕೆ ಬಾರದ ಔಷಧವೋ, ಕೈಗೆ ಸಿಗದ ಔಷಧವೋ?

ಪ್ರತಿಕಾಯ ಔಷಧದ ಎದುರಾಳಿಗಳ ಮೊದಲ ವಾದ: ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮ್ಯಾಬ್ ಹುಟ್ಟಿದ್ದು ಇಲಿಯಲ್ಲಿ, ಬೆಳೆಯುವುದು ಹ್ಯಾಮ್‌ಸ್ಟರ್ ಕೋಶಗಳಲ್ಲಿ; ಅದನ್ನು ಮಾನವ ಪ್ರತಿಕಾಯ ಎನ್ನುವುದೇ ಮೋಸ. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಒಂದೇ ಬಗೆಯ ಪ್ರತಿಕಾಯವನ್ನು ಪ್ರಯೋಗಾಲಯದಲ್ಲಿ ಬೇಕಾದಷ್ಟು ಪಡೆಯುವ ದಾರಿ ತೋರಿದಾಗ ಅದು ನಿಜಕ್ಕೂ ಪೂರ್ತಿ ಇಲಿಯದೇ ಆಗಿತ್ತು. ಮನುಷ್ಯರ ದೇಹ ಅದನ್ನು ಪರಕೀಯವೆಂದು ಗುರುತಿಸಿ ತಿರುಗಿ ಬೀಳುತ್ತಿತ್ತು. ಆ ತೊಡಕು ನಿವಾರಿಸಲೆಂದೇ ಗಡ್ಡೆಯ ಪ್ರತಿಜನಕವನ್ನು ಹಿಡಿಯುವ ತುದಿಯ ಕೆಲವು ಕುಣಿಕೆಗಳನ್ನಷ್ಟೇ ಇಲಿಯಿಂದ ಉಳಿಸಿಕೊಂಡು ಮಿಕ್ಕ ಭಾಗವನ್ನು ಮಾನವ ಪ್ರತಿಕಾಯಕ್ಕೆ ಬದಲಿಸಿದರು. ಅದರ ಜೀನನ್ನು ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳಿಗೆ ಸೇರಿಸಿ ಬೆಳೆಸುತ್ತಾರೆ. ಕೋಶ ಯಾವ ಪ್ರಾಣಿಯದಾದರೂ ಪ್ರೋಟೀನು ಜೀನ್ ಹೇಳಿದ್ದೇ. ವಿಜಯಪುರ ಜಿಲ್ಲೆಯ ತಿಕೋಟಾದ ತೋಟಗಳಲ್ಲಿ ಡಾಗ್‌ರಿಡ್ಜ್ ಬೇರಿನ ಮೇಲೆ ಥಾಮ್ಸನ್ ಕಸಿ ಕಟ್ಟಿದವರು ಕೊಯ್ಯುವುದು ಥಾಮ್ಸನ್ ದ್ರಾಕ್ಷಿಯನ್ನೇ. ತಿದ್ದಿ ಮುಗಿಸಿದ ದೋಷವನ್ನು ಇಂದಿನ ಔಷಧದ ತಲೆಗೆ ಕಟ್ಟುವುದು ವಾದವಾಗದು.

ಎರಡನೆಯದು: ಈ ಔಷಧ ಹಿಡಿಯುವ ಹರ್-2 ಪ್ರತಿಜನಕ ಒಳ್ಳೆಯ ಕೋಶಗಳಲ್ಲೂ ಇದೆ, ಆದ್ದರಿಂದ ಔಷಧ ದೇಹವನ್ನೇ ಕೊಲ್ಲುತ್ತದೆ. ಮೊದಲರ್ಧ ಸತ್ಯ, ‘ಆದ್ದರಿಂದ’ ಎಂಬಲ್ಲಿಂದ ತರ್ಕ ಜಾರಿದೆ. ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 15ರಿಂದ 20ರಲ್ಲಿ ಹರ್-2 ವಿಪರೀತ ಹೆಚ್ಚಿರುತ್ತದೆ. ಬಯಾಪ್ಸಿ ತುಣುಕನ್ನು ಪರೀಕ್ಷಿಸಿ ಅಂಥವರಿಗೆ ಮಾತ್ರ ಈ ಔಷಧ ಕೊಡುತ್ತಾರೆ. ಹೃದಯದ ಬಲ ಕುಗ್ಗುವ ಅಪಾಯವನ್ನು ಯಾರೂ ಬಚ್ಚಿಟ್ಟಿಲ್ಲ. ಅದಕ್ಕಾಗಿಯೇ ಆರಂಭಕ್ಕೆ ಮುನ್ನವೂ ನಡುವೆಯೂ ಹೃದಯದ ಎಕೋ ಸ್ಕ್ಯಾನ್ ಮಾಡುತ್ತಾರೆ, ಬಲ ತಗ್ಗಿದರೆ ಔಷಧ ನಿಲ್ಲಿಸುತ್ತಾರೆ. 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳ ಜಂಟಿ ಫಲಿತಾಂಶ ನೋಡಿ: ಬರೀ ಕೀಮೋ ಪಡೆದವರಲ್ಲಿ ಹತ್ತು ವರ್ಷ ಬದುಕುಳಿದವರು ಶೇ. 75.2, ಈ ಪ್ರತಿಕಾಯವನ್ನೂ ಪಡೆದವರಲ್ಲಿ ಶೇ. 84. ಎದುರಾಳಿಗಳು ಎಕೋದ ಬಗ್ಗೆ ಮಾತಾಡುತ್ತಾರೆ, ಈ ಅಂಕಿಯ ಹತ್ತಿರ ಸುಳಿಯುವುದಿಲ್ಲ.

ಇದೇ ಔಷಧವೆಂದು ಬೆಂಗಳೂರಿನ ಬಯೋಕಾನ್ ಕಂಪನಿ ತಯಾರಿಸಿದ್ದು ನಕಲು ಮಾಲು ಎಂಬುದು ಮೂರನೆಯ ಆಕ್ಷೇಪ. ಆ ನಕಲನ್ನು ಮೂಲದೊಂದಿಗೆ ಹೋಲಿಸಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಇಷ್ಟು ಸಾಕು.

ಕೊನೆಗೆ ಅದೇ ಬಾಯಲ್ಲಿ ಬರುವ ಮಾತು: ಇದು ಬೆಂಗಳೂರಿನ ಶ್ರೀಮಂತರಿಗೆ, ವಿಜಯಪುರ ಜಿಲ್ಲೆಯ ಬಬಲೇಶ್ವರದ ಕೂಲಿ ಹೆಣ್ಣುಮಗಳಿಗಲ್ಲ. ಔಷಧ ವಿಷವಾಗಿದ್ದರೆ ಅದು ಬಡವರಿಗೆ ಸಿಗದಿರುವುದು ಅನ್ಯಾಯ ಹೇಗಾದೀತು? ಎರಡರಲ್ಲಿ ಒಂದನ್ನು ಬಿಡಲೇಬೇಕು. ನಾನಾದರೆ ಎರಡನೆಯದನ್ನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಹುರುಳಿದೆ. 2014ರಲ್ಲಿ ಬಯೋಕಾನ್‌ನ ಕ್ಯಾನ್‌ಮ್ಯಾಬ್ ಬಂದಾಗ 440 ಮಿ.ಗ್ರಾಂ. ಬಾಟಲಿಗೆ 57,500 ರೂಪಾಯಿ ಇತ್ತು. ಮೂಲ ಔಷಧಕ್ಕಿಂತ ಅಗ್ಗ, ಕೂಲಿಯವರಿಗೆ ಆಗಲೂ ಎಟುಕದ ದುಡ್ಡು. ಮೇಲಾಗಿ ವಾಡಿಕೆಯಂತೆ ಮೂರು ವಾರಕ್ಕೊಮ್ಮೆ, ಒಂದು ವರ್ಷ ಹಾಕಿಸಿಕೊಳ್ಳಬೇಕು. ಪ್ರತಿಸಲವೂ ಐನೂರು ಕಿಲೋಮೀಟರ್ ದಾಟಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗೆಂದರೆ ಆಕೆ ನಡುವೆಯೇ ಬಿಡುತ್ತಾಳೆ. ಆದರೆ ಇದು ರಕ್ತನಾಳಕ್ಕೆ ಹನಿಸುವ ಔಷಧ. ಕೀಮೋ ಹಾಕಬಲ್ಲ, ಎಕೋ ಮಾಡಬಲ್ಲ ಆಸ್ಪತ್ರೆ ಇದನ್ನು ವಿಜಯಪುರದಲ್ಲೇ ಹಾಕಬಹುದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಪ್ರತಿ ಸ್ತನ ಬಯಾಪ್ಸಿಗೂ ಹರ್-2 ಪರೀಕ್ಷೆ, ಪಾಸಿಟಿವ್ ಬಂದವರಿಗೆ ಜಿಲ್ಲೆಯಲ್ಲೇ ಪೂರ್ತಿ ವರ್ಷದ ಔಷಧ: ಬಡವರ ಹೆಸರು ಹೇಳುವವರು ಈ ಬೇಡಿಕೆಗೆ ಸಹಿ ಹಾಕಲಿ.