ದಾದಿಯ ಪಗಾರ ತೂಗುವ ತಕ್ಕಡಿ ಯಾರದು?



ಗಿರಣಿಯಲ್ಲಿ ಒಂದೇ ಯಂತ್ರದ ಮುಂದೆ ನಿಂತ ಇಬ್ಬರಲ್ಲಿ ಒಬ್ಬನಿಗೆ ಖಾಯಂ ಕೂಲಿ, ಇನ್ನೊಬ್ಬನಿಗೆ ಬದಲಿ ಕೂಲಿ ಎಂದರೆ ನಮ್ಮ ಕಾರ್ಮಿಕ ಸುಮ್ಮನಿರುವುದಿಲ್ಲ. ಕೊಳ್ಳುವುದಕ್ಕೆ ಒಂದು ಕಲ್ಲು, ಮಾರುವುದಕ್ಕೆ ಇನ್ನೊಂದು ಕಲ್ಲು ಇಟ್ಟವನನ್ನು ನಮ್ಮ ವ್ಯಾಪಾರಿ ಕಳ್ಳನೆಂದೇ ಕರೆಯುತ್ತಾನೆ. ಈ ಎರಡೂ ಅನ್ಯಾಯಗಳು ಆಸ್ಪತ್ರೆಯ ಬಿಳಿ ಗೋಡೆಗಳ ಒಳಗೆ ಹಗಲಿರುಳು ನಡೆಯುತ್ತಿವೆ. ಅಲ್ಲಿ ಮಾತ್ರ ನಾವು ಚೀಟಿ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು, ಬೆಂಚಿನ ಮೇಲೆ ಕುಳಿತಿರುತ್ತೇವೆ. ರಾತ್ರಿಯೆಲ್ಲ ನಮ್ಮ ರೋಗಿಯ ತಲೆದಸಿಯಲ್ಲಿ ನಿಂತವಳನ್ನು 'ಸಿಸ್ಟರ್' ಎಂದು ಕರೆಯುತ್ತೇವೆ. ಅಕ್ಕ ತಂಗಿ ಎಂದು ಕರೆದ ಮೇಲೆ ಆಕೆಯ ಕೈಗೆ ತಿಂಗಳಿಗೆ ಎಷ್ಟು ಬರುತ್ತದೆಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ನಮ್ಮ ವಾದವನ್ನು ಮೊದಲೇ ಬಿಚ್ಚಿ ಹೇಳುತ್ತೇವೆ. ವೈದ್ಯರ ಮೇಲೆ ನಮಗೆ ಹಗೆಯಿಲ್ಲ. ಕಲಿತವನಿಗೂ ಕಲಿಯದವನಿಗೂ ಒಂದೇ ಕಾಸು ಕೊಡಿರೆಂದು ನಾವು ಕೇಳುತ್ತಿಲ್ಲ. ಆದರೆ ಈ ದೇಶದಲ್ಲಿ ವೈದ್ಯನ ಸಂಬಳವಾಗಲಿ, ದಾದಿಯ ಸಂಬಳವಾಗಲಿ ನಿಗದಿಯಾಗುವುದು ಅವರು ಉಳಿಸುವ ಜೀವದ ಲೆಕ್ಕದಿಂದಲ್ಲ. ಊರು ಯಾವುದು, ಕೈಯಲ್ಲಿರುವ ಯಂತ್ರ ಯಾವುದು, ಮೇಲಿರುವ ಧಣಿ ಯಾರು, ಈ ಮೂರರಿಂದ ಅದು ನಿಗದಿಯಾಗುತ್ತದೆ. ಈ ತಕ್ಕಡಿಯನ್ನು ಬದಲಿಸದ ಹೊರತು ಬಡವನ ಬಾಗಿಲಿಗೆ ಔಷಧ ಬಾರದೆಂಬುದೇ ನಮ್ಮ ವಾದ.

ಲೆಕ್ಕದಿಂದಲೇ ಆರಂಭಿಸೋಣ. 2016ರ ಜನವರಿಯಿಂದ ಜಾರಿಗೆ ಬಂದ ಕೇಂದ್ರದ 7ನೇ ವೇತನ ಆಯೋಗದ ಪ್ರಕಾರ ಕೇಂದ್ರ ಸರಕಾರದ ಆಸ್ಪತ್ರೆಗೆ ಹೊಸದಾಗಿ ಸೇರಿದ ದಾದಿಯ ಮೂಲ ವೇತನ 44,900 ರೂಪಾಯಿ, ವೈದ್ಯನ ಮೂಲ ವೇತನ 56,100 ರೂಪಾಯಿ. ಖಾಸಗಿ ವೃತ್ತಿ ಮಾಡದಿರುವುದಕ್ಕೆಂದು ವೈದ್ಯನಿಗೆ ಮೂಲ ವೇತನದ ಮೇಲೆ ಶೇಕಡಾ 20ರಷ್ಟು ಭತ್ಯೆ ಬೇರೆ ಸೇರುತ್ತದೆ. ಅದನ್ನು ಕೂಡಿಸಿದರೂ ವೈದ್ಯನದು ದಾದಿಯ ಮೂಲ ವೇತನದ ಒಂದೂವರೆ ಪಾಲು. ಈ ಅಂತರವನ್ನು ನಾವು ಒಪ್ಪುತ್ತೇವೆ. ಹೆಚ್ಚು ವರ್ಷ ಓದಿದವನಿಗೆ, ಹೆಚ್ಚು ಹೊಣೆ ಹೊತ್ತವನಿಗೆ ಅಷ್ಟು ಸಲ್ಲತಕ್ಕದ್ದೇ.

ಸರಕಾರಿ ಕಾಂಪೌಂಡು ದಾಟಿ ರಸ್ತೆಯ ಆಚೆಯ ನರ್ಸಿಂಗ್ ಹೋಮಿಗೆ ಬನ್ನಿ. ಓದು ಅದೇ, ನೋಂದಣಿ ಅದೇ, ಸೂಜಿ ಅದೇ, ರೋಗವೂ ಅದೇ. ಪಗಾರ ಮಾತ್ರ ಬೇರೆ. ದಾದಿಯರ ಸಂಘವೊಂದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2016ರ ಜನವರಿಯಲ್ಲಿ, ಇದನ್ನು ಪರಿಶೀಲಿಸಲು ಸಮಿತಿ ರಚಿಸಬೇಕೆಂದು ನ್ಯಾಯಾಲಯ ಕೇಂದ್ರಕ್ಕೆ ಹೇಳಿತು. ಸಮಿತಿ ಅದೇ ವರ್ಷ ಶಿಫಾರಸು ಕೊಟ್ಟಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ಆಯಾ ರಾಜ್ಯದ ಸರಕಾರಿ ದಾದಿಯಷ್ಟೇ ಸಂಬಳ ಕೊಡಬೇಕು. 100ಕ್ಕೆ ಮೇಲ್ಪಟ್ಟಿದ್ದರೆ ಶೇಕಡಾ 10ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. 50ರಿಂದ 100ರವರೆಗಿದ್ದರೆ ಶೇಕಡಾ 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. 50ಕ್ಕಿಂತ ಕಡಿಮೆ ಹಾಸಿಗೆಯಿದ್ದರೂ 20,000 ರೂಪಾಯಿಗೆ ಇಳಿಯದಂತೆ ಕೊಡಬೇಕು. ಇದಿಷ್ಟು ಶಿಫಾರಸು.

20,000ಕ್ಕೆ ಇಳಿಯಬಾರದೆಂದು ದೊಡ್ಡವರ ಸಮಿತಿಯೇ ಬರೆಯಬೇಕಾಯಿತೆಂದರೆ, ಅದಕ್ಕೂ ಕಡಿಮೆ ಕೊಟ್ಟು ದುಡಿಸುವವರು ಇದ್ದರೆಂದೇ ಅರ್ಥವಲ್ಲವೇ? ಗಿರಣಿಯ ಬಂಧುಗಳು ಇನ್ನೊಂದು ಮಾತು ಗಮನಿಸಬೇಕು. 2017ರ ಜನವರಿಯಿಂದ ಇ.ಎಸ್.ಐ. ವೇತನ ಮಿತಿಯನ್ನು 21,000 ರೂಪಾಯಿಗೆ ಏರಿಸಲಾಯಿತು. 20,000 ಪಡೆಯುವ ದಾದಿ ಆ ಮಿತಿಯ ಒಳಗೇ ನಿಲ್ಲುತ್ತಾಳೆ. ಎಂದರೆ ಬಿಳಿ ಸೀರೆ ಉಟ್ಟಿದ್ದರೂ ಆಕೆ ನಿಮ್ಮ ಪಂಕ್ತಿಯವಳೇ. ಆಕೆಯ ಜಗಳ ನಿಮ್ಮ ಜಗಳವೇ.

ಶಿಫಾರಸು ಕಾಗದವನ್ನು ಕೇರಳದ ದಾದಿಯರು ಕಾಗದವಾಗಿಯೇ ಬಿಡಲಿಲ್ಲ. 2017ರಲ್ಲಿ ಮುಷ್ಕರ ಹೂಡಿದರು. 2018ರ ಏಪ್ರಿಲಿನಲ್ಲಿ ಚೇರ್ತಲದಿಂದ ತಿರುವನಂತಪುರಕ್ಕೆ ಕಾಲ್ನಡಿಗೆ ಹೊರಡಲು ಸಿದ್ಧರಾದರು. ಸರಕಾರ ಗಡಿಬಿಡಿಯಿಂದ ಕನಿಷ್ಠ 20,000 ರೂಪಾಯಿಯ ಅಧಿಸೂಚನೆ ಹೊರಡಿಸಿತು. ಆ ಕೇರಳದ ಎಷ್ಟೋ ಹೆಣ್ಣುಮಕ್ಕಳು ನರ್ಸಿಂಗ್ ಕಲಿತದ್ದು ನಮ್ಮ ಕರ್ನಾಟಕದ ಕಾಲೇಜುಗಳಲ್ಲಿ. ಕಲಿಸಿದ ನಾಡಿನಲ್ಲಿ, ನಿಮ್ಮ ಬೀದಿಯ ನರ್ಸಿಂಗ್ ಹೋಮಿನಲ್ಲಿ, ಆ ಪಗಾರ ಸಿಗುತ್ತಿದೆಯೇ? ನಮ್ಮನ್ನು ಕೇಳಬೇಡಿ, ಅಲ್ಲಿನ ಸಿಸ್ಟರನ್ನೇ ಕೇಳಿ. ಧಣಿ ಪಕ್ಕದಲ್ಲಿಲ್ಲದಾಗ ಕೇಳಿ.

ಹಾಗೆಂದು ಸರಕಾರ ತನ್ನನ್ನು ತಾನು ಸಾಚಾ ಎಂದು ಹೇಳಿಕೊಳ್ಳಲಾಗದು. ಗಿರಣಿಯ ಧಣಿಯಿಂದ ಬದಲಿ ಪದ್ಧತಿಯನ್ನು ಚೆನ್ನಾಗಿಯೇ ಕಲಿತ ಸರಕಾರ ಅದಕ್ಕೆ 'ಗುತ್ತಿಗೆ' ಎಂದು ಹೆಸರಿಟ್ಟಿದೆ. ಒಂದೇ ವಾರ್ಡಿನಲ್ಲಿ ಒಬ್ಬ ದಾದಿ ಖಾಯಂ, ಪಕ್ಕದ ದಾದಿ ಗುತ್ತಿಗೆ. ತಾತ್ಕಾಲಿಕ ನೌಕರನಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಸಲ್ಲಬೇಕೆಂದು 2016ರ ಅಕ್ಟೋಬರಿನಲ್ಲಿ ಪಂಜಾಬಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹೇಳಿ ಆರು ವರ್ಷ ದಾಟಿದ ಮೇಲೂ, 2023ರ ಫೆಬ್ರವರಿಯಲ್ಲಿ, ನಮ್ಮ ರಾಜ್ಯದ ಗುತ್ತಿಗೆ ಆರೋಗ್ಯ ನೌಕರರು ಬೆಂಗಳೂರಿನ ಬೀದಿಗೆ ಬರಬೇಕಾಯಿತು. 2005ರ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ ಹುಟ್ಟಿದ ಆಶಾ ಕಾರ್ಯಕರ್ತೆಯರಿಗಂತೂ 'ನೌಕರರು' ಎಂಬ ಹೆಸರನ್ನೂ ಕೊಡಲಿಲ್ಲ, 'ಸ್ವಯಂಸೇವಕಿಯರು' ಎಂದರು. ಸ್ವಯಂಸೇವೆಯ ಹೊಟ್ಟೆಗೆ ಹಸಿವಾಗುವುದಿಲ್ಲವೇನೋ! 2025ರ ಜನವರಿಯಲ್ಲಿ ಚಳಿಯಲ್ಲಿ ಧರಣಿ ಕುಳಿತು ತಿಂಗಳಿಗೆ 15,000 ಕೇಳಿದರು. ಸಿಕ್ಕಿದ್ದು 10,000ದ ಭರವಸೆ.

ಇನ್ನು ಊರಿನ ಲೆಕ್ಕ. ಅದೇ 7ನೇ ವೇತನ ಆಯೋಗದ ಮನೆ ಬಾಡಿಗೆ ಭತ್ಯೆ ನೋಡಿ. 2024ರ ಜನವರಿಯಿಂದ ಮಹಾನಗರದಲ್ಲಿ ಮೂಲ ವೇತನದ ಶೇಕಡಾ 30, ಮಧ್ಯಮ ನಗರದಲ್ಲಿ 20, ಸಣ್ಣ ಊರಿನಲ್ಲಿ 10. ಹೊಸ ವೈದ್ಯನಿಗೆ ಬೆಂಗಳೂರಿನಲ್ಲಿ 16,830 ರೂಪಾಯಿ, ಹಳ್ಳಿಯಲ್ಲಿ 5,610. ದಾದಿಗೆ ಅಲ್ಲಿ 13,470, ಇಲ್ಲಿ 4,490. ನಗರದಲ್ಲಿ ಬಾಡಿಗೆ ಹೆಚ್ಚು, ನಿಜ. ಹಳ್ಳಿಯಲ್ಲಿ ಮಕ್ಕಳಿಗೆ ಒಳ್ಳೆಯ ಶಾಲೆಯಿಲ್ಲ, ರಾತ್ರಿ ಹೊತ್ತು ಬಸ್ಸಿಲ್ಲ, ಕ್ವಾರ್ಟರ್ಸು ಸೋರುತ್ತದೆ. ಇದಕ್ಕೆಲ್ಲ ಬೆಲೆಯಿಲ್ಲವೇ? ಸುಖವಿರುವ ಕಡೆಗೆ ಹಣವನ್ನೂ ಹರಿಸಿದರೆ ವೈದ್ಯ ಯಾವ ಕಡೆಗೆ ಹರಿದಾನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಆಮೇಲೆ ಸರಕಾರ ಕಾನೂನಿನ ಬರೆ ಎಳೆಯುತ್ತದೆ. ಕರ್ನಾಟಕ 2012ರಲ್ಲಿ ಕಡ್ಡಾಯ ಗ್ರಾಮೀಣ ಸೇವೆಯ ಕಾನೂನು ಮಾಡಿ, 2015ರಲ್ಲಿ ಜಾರಿಗೆ ತಂದು, 2023ರಲ್ಲಿ ಮತ್ತೆ ಸಡಿಲಿಸಿತು. ಒಂದು ವರ್ಷ ಬಂದು ಹೋಗುವವನಿಂದ ಹಳ್ಳಿಗೆ ವೈದ್ಯ ದೊರೆತಂತಾಗುವುದಿಲ್ಲ, ಅತಿಥಿ ದೊರೆತಂತಾಗುತ್ತದೆ.

ಕೇಂದ್ರ ಸರಕಾರದ 2022ರ ಅಂಕಿ ಅಂಶದಂತೆ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞ ವೈದ್ಯರಲ್ಲಿ ಶೇಕಡಾ 80ರಷ್ಟು ಕೊರತೆ. ಐದು ಕುರ್ಚಿಯಲ್ಲಿ ನಾಲ್ಕು ಖಾಲಿ! ಇದಕ್ಕೆ ಮದ್ದೇ ಇಲ್ಲವೆನ್ನಬೇಡಿ. ಛತ್ತೀಸಗಢದಲ್ಲಿ ಊರುಗಳನ್ನು ಸಾಮಾನ್ಯ, ಕಷ್ಟದ, ಅತಿ ಕಷ್ಟದ ಎಂದು ವಿಂಗಡಿಸಿ, ಕಷ್ಟ ಹೆಚ್ಚಿದಂತೆ ಹೆಚ್ಚು ಹಣ ಕೊಡುವ ಯೋಜನೆ ತಂದರು, ವೈದ್ಯರಿಗಷ್ಟೇ ಅಲ್ಲ, ದಾದಿಯರಿಗೂ. ನಮ್ಮಲ್ಲಿ ಪಟ್ಟಿ ಸಿದ್ಧವಾಗಿಯೇ ಇದೆ. 2002ರಲ್ಲಿ ನಂಜುಂಡಪ್ಪ ಸಮಿತಿ ಹಿಂದುಳಿದ 114 ತಾಲ್ಲೂಕುಗಳನ್ನು ಹೆಸರಿಸಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದಿತು. ಆ ಪಟ್ಟಿಗೆ ಸಂಬಳವನ್ನು ಜೋಡಿಸುವುದಕ್ಕೆ ಹೊಸ ಸಮಿತಿ ಬೇಕಾಗಿಲ್ಲ, ಮನಸ್ಸು ಬೇಕು.

ಮೂರನೆಯದು ವಿಭಾಗದ ಲೆಕ್ಕ. ಗಿರಣಿಯವರಿಗೆ ಇದು ಬೇಗ ತಿಳಿಯುತ್ತದೆ, ಏಕೆಂದರೆ ಇದು ಪೀಸ್ ರೇಟಿನ ಕಥೆ. ಹೃದಯಕ್ಕೆ ಸ್ಟೆಂಟು ಹಾಕುವುದು ಒಂದು ಪೀಸು, ಸ್ಕ್ಯಾನಿಂಗ್ ಒಂದು ಪೀಸು, ಆಪರೇಷನ್ ಒಂದು ಪೀಸು. ಪೀಸು ಹೆಚ್ಚಿದಷ್ಟೂ ಆಸ್ಪತ್ರೆಗೆ ಲಾಭ, ತಜ್ಞನಿಗೆ ಪಾಲು. ಜ್ವರ ಬಂದ ಮಗುವಿನ ತಾಯಿಗೆ ಕಾಲು ಗಂಟೆ ಬುದ್ಧಿ ಹೇಳಿದರೆ ಅದು ಯಾವ ಪೀಸೂ ಅಲ್ಲ. ರೋಗ ಬಾರದಂತೆ ನೀರು ಶುದ್ಧ ಮಾಡಿಸಿದವನಿಗೆ ಯಾವ ಬಿಲ್ಲೂ ಇಲ್ಲ. ಎಂ.ಬಿ.ಬಿ.ಎಸ್. ಮುಗಿಸಿದ ಯುವಕ ಇದನ್ನು ಕಂಡೇ ದಾರಿ ಆರಿಸುತ್ತಾನೆ. ರೇಡಿಯಾಲಜಿಯ ಸೀಟು ಮೊದಲು ಮುಗಿಯುತ್ತದೆ, ಅನಾಟಮಿಯಂತಹ ಸೀಟು ಕೊನೆಗೆ ಉಳಿಯುತ್ತದೆ. 2023ರ ಸೆಪ್ಟೆಂಬರಿನಲ್ಲಿ ಉಳಿದ ಸೀಟು ತುಂಬಲು ಸ್ನಾತಕೋತ್ತರ ಪ್ರವೇಶದ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಸಂಬಳದ ತಕ್ಕಡಿ ವಾರೆಯಾದರೆ ವಿದ್ಯೆಯೂ ವಾರೆಯಾಗುತ್ತದೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಆ ಯುವಕನನ್ನೇ ದೂರಿ ಪ್ರಯೋಜನವಿಲ್ಲ. ಅವನ ತಂದೆ ಹೊಲ ಮಾರಿ ಸೀಟು ಕೊಂಡಿರುತ್ತಾನೆ. ಕ್ಯಾಪಿಟೇಷನ್ ಶುಲ್ಕವನ್ನು ಕರ್ನಾಟಕ 1984ರಲ್ಲಿಯೇ ಕಾನೂನು ಮಾಡಿ ನಿಷೇಧಿಸಿತು. 1992ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಖಂಡಿಸಿತು. ಬಾಗಿಲಲ್ಲಿ ಹೋದ ಶನಿ ಕಿಟಕಿಯಲ್ಲಿ ಬಂದಂತೆ, ಇಂದು ಬೇರೆ ಬೇರೆ ಹೆಸರಿನ ಶುಲ್ಕಗಳು. ಬಂಡವಾಳ ಹಾಕಿ ಬಂದವನು ಬಡ್ಡಿ ಸಮೇತ ಎತ್ತದೆ ಬಿಟ್ಟಾನೆಯೇ? ರೋಗಿಯನ್ನು ಕಳುಹಿಸಿದವನಿಗೆ ಕಮಿಷನ್ ಕೊಡಬಾರದೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ದಲ್ಲಾಳಿ ಅಂಗಡಿ ಗೊತ್ತಿರುವ ನಮ್ಮ ವ್ಯಾಪಾರಿ ಬಂಧುಗಳಿಗೆ ಆ ನಿಯಮದ ಗತಿಯನ್ನು ನಾವು ವಿವರಿಸಬೇಕಾಗಿಲ್ಲ.

"ಇದು ಮಾರುಕಟ್ಟೆಯ ನಿಯಮ, ಯಾರೇನು ಮಾಡಲಾದೀತು?" ಎನ್ನುವ ಪಂಡಿತರಿದ್ದಾರೆ. ಬಂಡವಾಳಶಾಹಿಗಳ ತವರಾದ ಬ್ರಿಟನ್ನನ್ನೇ ನೋಡಲಿ. 1948ರಲ್ಲಿ ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅದರಲ್ಲಿ ಹೃದಯ ತಜ್ಞನಿಗೂ, ಮುದುಕರ ರೋಗ ನೋಡುವ ತಜ್ಞನಿಗೂ ಮೂಲ ವೇತನದ ಶ್ರೇಣಿ ಒಂದೇ. ದಾದಿಯರಿಗೆ 2004ರಿಂದ ದೇಶವ್ಯಾಪಿ ಶ್ರೇಣಿಯಿದೆ, ಲಂಡನ್ನಿನವರಿಗೆ ಮಾತ್ರ ದುಬಾರಿ ಊರಿನ ಹೆಚ್ಚುವರಿ. ಅಲ್ಲಿ ಎಲ್ಲವೂ ಸರಿಯೆಂದು ನಾವು ಹೇಳುವುದಿಲ್ಲ. 2022ರ ಡಿಸೆಂಬರಿನಲ್ಲಿ ಆ ದಾದಿಯರೂ ಮುಷ್ಕರ ಹೂಡಿದರು. ಆದರೆ ಪಗಾರವನ್ನು ಧಣಿಯ ಮರ್ಜಿಗೆ ಬಿಡದೆ ಸಮಾಜವೇ ಕುಳಿತು ನಿಗದಿ ಮಾಡಬಹುದೆಂಬುದು ಅಲ್ಲಿ ಸಿದ್ಧವಾಗಿದೆ. ಮಾರುಕಟ್ಟೆಯ ನಿಯಮವೂ ಎಲ್ಲರಿಗೆ ಒಂದೇ ಅಲ್ಲ. ತಜ್ಞರು ಸಿಗದ ಕಡೆ ಆರೋಗ್ಯ ಮಿಷನ್ನಿನಲ್ಲಿ 'ನೀವು ಕೇಳಿ, ನಾವು ಕೊಡುತ್ತೇವೆ' ಎಂಬ ಏರ್ಪಾಟು ಮಾಡಿದರು. ದಾದಿಗೆ ಯಾವ ಸರಕಾರ ಈ ಮಾತು ಹೇಳಿದೆ?

"ದಾದಿಗೆ ಹೆಚ್ಚು ಕೊಟ್ಟರೆ ನಮ್ಮ ಬಿಲ್ಲು ಏರುತ್ತದಲ್ಲ?" ಎಂದು ವ್ಯಾಪಾರಿ ಬಂಧುಗಳು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಅಂಗಡಿಯ ಲೆಕ್ಕದಲ್ಲೇ ಉತ್ತರಿಸುತ್ತೇವೆ. 40 ಹಾಸಿಗೆಯ ಒಂದು ನರ್ಸಿಂಗ್ ಹೋಮು ಎಂದಿಟ್ಟುಕೊಳ್ಳಿ, 12 ದಾದಿಯರು, ತಲೆಗೆ 12,000 ರೂಪಾಯಿ. ಅದನ್ನು 20,000ಕ್ಕೆ ಏರಿಸಿದರೆ ತಿಂಗಳಿಗೆ ಹೆಚ್ಚುವ ಖರ್ಚು 96,000. ಹಾಸಿಗೆಗಳಲ್ಲಿ ಅರ್ಧವೇ ತುಂಬಿದ್ದರೂ ದಿನಕ್ಕೆ 20 ರೋಗಿಗಳಂತೆ ತಿಂಗಳಿಗೆ 600 ದಿನ. ಒಬ್ಬ ರೋಗಿಗೆ ದಿನಕ್ಕೆ ಬೀಳುವುದು 160 ರೂಪಾಯಿ. ನಿಮ್ಮ ಕೈಲಿರುವ ಬಿಲ್ಲಿನಲ್ಲಿ ಸ್ಕ್ಯಾನಿಂಗಿನ ಸಾಲು, ಔಷಧದ ಸಾಲು, ಕೋಣೆಯ ಸಾಲು ನೋಡಿ, ಅದರ ಪಕ್ಕದಲ್ಲಿ ಈ 160 ಇಟ್ಟು ನೋಡಿ. ನಿಮ್ಮ ಬಿಲ್ಲನ್ನು ಬೆಟ್ಟ ಮಾಡಿದವಳು ದಾದಿಯಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. 2016ರ ಸಮಿತಿಯ ಶಿಫಾರಸನ್ನು ಕನಿಷ್ಠ ವೇತನದ ಅಧಿಸೂಚನೆಯ ಮೂಲಕ ಕರ್ನಾಟಕದಲ್ಲಿ ಕಡ್ಡಾಯ ಮಾಡಬೇಕು, ಬೆಲೆ ಏರಿದಂತೆ ಮೊತ್ತವೂ ಏರಬೇಕು. ಗುತ್ತಿಗೆ ದಾದಿಗೆ ಖಾಯಂ ದಾದಿಯ ವೇತನ ಸಲ್ಲಬೇಕು. ಹಿಂದುಳಿದ ತಾಲ್ಲೂಕಿನಲ್ಲಿ ದುಡಿಯುವ ವೈದ್ಯರಿಗೂ ದಾದಿಯರಿಗೂ ನಗರದವರಿಗಿಂತ ಹೆಚ್ಚು ಭತ್ಯೆ ಮತ್ತು ವಾಸಯೋಗ್ಯ ಮನೆ ಕೊಡಬೇಕು. ದಾದಿಯ ಅಸಲು ಸರ್ಟಿಫಿಕೇಟನ್ನು ಒತ್ತೆಯಿಟ್ಟುಕೊಳ್ಳುವ ಧಣಿಗೆ ಶಿಕ್ಷೆಯಾಗಬೇಕು. ಸರಕಾರಿ ಆಸ್ಪತ್ರೆಯ ತಜ್ಞರಲ್ಲಿ ಪೀಸಿನ ಭೇದವಿಲ್ಲದ ಒಂದೇ ಶ್ರೇಣಿ ಇರಬೇಕು.

ಇದೆಲ್ಲ ಅರ್ಜಿಯಿಂದ ಸಿಗುವುದಲ್ಲ. 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಅಂಕುಶ ಹಾಕುವ ಮಸೂದೆ ಬಂದಾಗ ರಾಜ್ಯದ ಖಾಸಗಿ ವೈದ್ಯರು ಒಗ್ಗಟ್ಟಾಗಿ ಬಾಗಿಲು ಮುಚ್ಚಿದರು, ಸರಕಾರ ಅಂಕುಶದ ಮೊನೆಯನ್ನು ಮೊಂಡು ಮಾಡಿತು. ಉಳ್ಳವರಿಗೆ ಒಗ್ಗಟ್ಟಿನ ಬೆಲೆ ಗೊತ್ತು. ದುಡಿಯುವವರಿಗೆ ಅದು ಯಾವಾಗ ತಿಳಿಯುವುದು? ದಾದಿ ಬಂಧುಗಳೇ, ಸಂಘ ಕಟ್ಟಿರಿ. ಗಿರಣಿಯ ಬಂಧುಗಳೇ, ಸಂಘ ಕಟ್ಟಿ ಅನುಭವವಿರುವವರು ನೀವು, ಆ ಹೆಣ್ಣುಮಕ್ಕಳ ಸಭೆಗೆ ಕುರ್ಚಿ ಹಾಕಿಕೊಡಿರಿ. ವ್ಯಾಪಾರಿ ಬಂಧುಗಳೇ, ಅವರು ಮೆರವಣಿಗೆ ಹೊರಟ ದಿನ ಅಂಗಡಿಯ ಮುಂದೆ ನೀರಿನ ಕೊಡ ಇಡಿರಿ. ಅವರ ಪಗಾರ ನೆಟ್ಟಗಾದರೆ ನಮ್ಮ ಆಸ್ಪತ್ರೆ ನೆಟ್ಟಗಾದೀತು.