ಚೌಕಟ್ಟಿನ ಅಂಚಿಗೆ ಬಂದ ಮೊಣಕೈ

ವರ್ಗವಾಗಿ ಚೆನ್ನೈಗೆ ಬಂದದ್ದು 2016ರ ಜೂನ್‌ನಲ್ಲಿ. ಕೀಲ್ಪಾಕಿನಲ್ಲಿ ಎರಡನೆಯ ಮಹಡಿಯ ಮನೆ ಸಿಕ್ಕಿತು. ಬಂದ ವಾರದಲ್ಲೇ ಒಂದು ರೂಢಿ ಹತ್ತಿಕೊಂಡಿತು: ಬೆಳಿಗ್ಗೆ ಬಾಲ್ಕನಿಯ ಅದೇ ಮೂಲೆಯಲ್ಲಿ ನಿಂತು ಕೆಳಗಿನ ಬೀದಿಯ ಒಂದು ಚಿತ್ರವನ್ನು ಫೋನಿನಲ್ಲಿ ತೆಗೆಯುವುದು. ಅಮೆರಿಕದ ಜೇಮಿ ಲಿವಿಂಗ್‌ಸ್ಟನ್ ಎಂಬಾತ 1979ರ ಮಾರ್ಚ್ 31ರಿಂದ ದಿನಕ್ಕೊಂದು ಪೋಲರಾಯ್ಡ್ ಚಿತ್ರ ತೆಗೆಯುತ್ತ ಹೋಗಿ, 1997ರ ಅಕ್ಟೋಬರ್ 25ರಂದು, ತನ್ನ 41ನೆಯ ಹುಟ್ಟುಹಬ್ಬದಂದೇ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲವೆಂದು ಎಲ್ಲೋ ಓದಿದ್ದೆ. ಅಷ್ಟೇ ಪ್ರೇರಣೆ. ಹೊಸ ಊರು, ಬಾರದ ತಮಿಳು ಎಂಬುದೂ ಸೇರಿರಬಹುದು.

ಛಾಯಾಚಿತ್ರ ಕಾಲವನ್ನು ನಿಲ್ಲಿಸುತ್ತದೆ ಎನ್ನುವುದು ವಾಡಿಕೆಯ ಮಾತು. ಒಂದೇ ಜಾಗದ ನೂರು ಚಿತ್ರಗಳನ್ನು ಸಾಲಾಗಿ ನೋಡಿದರೆ ಅದು ನಡೆಯುವುದೇ ಕಾಣುತ್ತದೆ. ಆ ವರ್ಷದ ಡಿಸೆಂಬರ್ 11ರ ಚಿತ್ರದಲ್ಲಿ ಎಡಭಾಗವನ್ನೆಲ್ಲ ಒಂದು ಮಳೆಮರ ತುಂಬಿಕೊಂಡಿದೆ. (ಸಂಜೆಗೆ ಎಲೆ ಮಡಚುವ ಈ ಮರವನ್ನು ತಮಿಳರು ‘ತೂಂಗುಮೂಂಜಿ’, ನಿದ್ದೆಮುಖದ್ದು, ಎನ್ನುತ್ತಾರೆ; ನಮ್ಮ ಹೆಸರಿಗಿಂತ ಅದೇ ಚೆಂದ.) ಮರುದಿನ ವರ್ಧಾ ಚಂಡಮಾರುತ ಬಂದು ನಗರದ ಸಾವಿರಾರು ಮರಗಳನ್ನು ಉರುಳಿಸಿತು. 13ರ ಚಿತ್ರದಲ್ಲಿ ಎಡಕ್ಕೆ ಬರೀ ಆಕಾಶ. ಬೀದಿಯ ತುದಿಯಲ್ಲಿ ಕಾಣುತ್ತಿದ್ದ ಮೆಟ್ರೋ ಕಾಮಗಾರಿಯ ತಗಡುಗಳು, 2017ರ ಮೇ 14ರಂದು ಈ ಸುರಂಗಮಾರ್ಗ ಆರಂಭವಾದ ಮೇಲೆ ಒಂದೊಂದಾಗಿ ಮಾಯವಾದವು. ಆದರೆ ಇಂಥವನ್ನು ತಿಳಿಯಲು ಪತ್ರಿಕೆ ಸಾಕು. ಇಸ್ತ್ರಿ ಗಾಡಿಯಾತನ ಕೂದಲು ಎರಡು ವರ್ಷದಲ್ಲಿ ಹೇಗೆ ಬೆಳ್ಳಗಾಯಿತೆಂಬುದನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ. ದಿನವೂ ಅವನಿಗೆ ಬಟ್ಟೆ ಕೊಡುತ್ತಿದ್ದ ನನಗೂ ಅದು ಕಂಡಿರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ, 2018ರಲ್ಲಿ, ಅಪ್ಪ ಶಿವಮೊಗ್ಗದ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದರು. ಬಾಲ್ಕನಿಯಲ್ಲಿ ಬೆತ್ತದ ಕುರ್ಚಿ, ಕೈಯಲ್ಲಿ ಪತ್ರಿಕೆ. ಅವರ ಕಾಲದ ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ. ದಸರೆಗೆರಡು, ಯಾರದೋ ನಾಮಕರಣಕ್ಕೆ ಮೂರು ಎಂದು ಲೆಕ್ಕ ಹಾಕಿ ಖರ್ಚು ಮಾಡಿದವರಿಗೆ ನನ್ನ ಕೆಲಸ ಶುದ್ಧ ದಂಡವೆನಿಸುತ್ತಿತ್ತು. “ಖಾಲಿ ಬೀದೀನ ದಿನಾ ಏನು ತೆಗೀತೀಯೋ? ಒಂದು ನರಪಿಳ್ಳೆ ಇಲ್ಲ ಅದರಲ್ಲಿ” ಎನ್ನುತ್ತಿದ್ದರು. ನನ್ನ ಕಷ್ಟ ಬೇರೆ. ಅವರ ಮೊಣಕೈಯೋ ಪತ್ರಿಕೆಯ ಅಂಚೋ ಬಲಗಡೆಯಿಂದ ಚಿತ್ರದೊಳಗೆ ನುಗ್ಗುತ್ತಿತ್ತು. “ಅಪ್ಪ, ಸ್ವಲ್ಪ ಆಚೆ ಸರೀರಿ” ಎಂದರೆ ಸರಿಯುತ್ತಿದ್ದರು. ಮರೆತ ದಿನ ನಾನೇ ಆ ಭಾಗವನ್ನು ಕತ್ತರಿಸುತ್ತಿದ್ದೆ. ಚೌಕಟ್ಟು ಎಲ್ಲ ದಿನವೂ ಒಂದೇ ಇರಬೇಕಲ್ಲ!

2021ರ ಫೆಬ್ರವರಿಯಲ್ಲಿ ಅವರು ಹೋದರು. ತಿಂಗಳ ಮೇಲೆ ಚಿತ್ರಗಳನ್ನು ತೆರೆದು ಕೂತೆ. ಸುಮಾರು ಸಾವಿರ ಬೆಳಗುಗಳು. ಪ್ರತಿಯೊಂದರಲ್ಲೂ ಅವರು ನನ್ನಿಂದ ಒಂದು ಅಡಿ ದೂರದಲ್ಲಿದ್ದರು. ಉಳಿದದ್ದು ನಾಲ್ಕರಲ್ಲಿ. ಕತ್ತರಿಸಿದ್ದರ ಮೂಲಗಳನ್ನು ನಾನು ಇಟ್ಟುಕೊಂಡಿರಲಿಲ್ಲ.

ಅವರ ಚಿತ್ರಗಳಿಗೇನೂ ಬರವಿಲ್ಲ. ಮಗನ ಉಪನಯನದ ಆಲ್ಬಮ್ಮಿನಲ್ಲೇ ಶಾಲು ಹೊದ್ದು ನೆಟ್ಟಗೆ ನಿಂತವು ಹತ್ತಾರಿವೆ. ಅವು ಕ್ಯಾಮೆರಾಕ್ಕೆ ಸಿದ್ಧರಾದ ಯಾರೋ ಹಿರಿಯರು. ತಾಯಿ ತೀರಿಕೊಂಡ ಮೇಲೆ ರೋಲಾ ಬಾರ್ಥ್ ಕೂಡ ಹೀಗೆಯೇ ಹಳೆಯ ಚಿತ್ರಗಳನ್ನು ತಡಕಾಡಿದ. ಕೊನೆಗೆ ಅವಳು ಸಿಕ್ಕಿದ್ದು ಅವನು ಹುಟ್ಟುವುದಕ್ಕೂ ಮೊದಲಿನ, ಅವಳ ಐದನೆಯ ವಯಸ್ಸಿನ ಒಂದು ಚಿತ್ರದಲ್ಲಿ. 1980ರ ತನ್ನ ಪುಸ್ತಕದಲ್ಲಿ ಬೇರೆ ಚಿತ್ರಗಳನ್ನು ಅಚ್ಚು ಹಾಕಿಸಿದವನು ಅದನ್ನು ಮಾತ್ರ ಸೇರಿಸಲಿಲ್ಲ. ಪರರಿಗೆ ಅದು ಸಾವಿರದಲ್ಲೊಂದು ಸಾಧಾರಣ ಚಿತ್ರವಷ್ಟೇ ಎಂಬುದು ಅವನಿಗೆ ಗೊತ್ತಿತ್ತು. ಎಂ.ಎ. ತರಗತಿಯಲ್ಲಿ ಇದನ್ನು ಪರೀಕ್ಷೆಗಾಗಿ ಓದಿ ಒಳ್ಳೆಯ ಅಂಕವನ್ನೂ ಪಡೆದಿದ್ದೆ.

ಫೋನು ಬಂದ ಮೇಲೆ ಚಿತ್ರಗಳು ಅತಿಯಾದವು, ಅದರಿಂದಲೇ ನೆನಪು ಅಗ್ಗವಾಯಿತು ಎಂದು ನಮ್ಮ ಬಳಗದಲ್ಲಿ ಅನೇಕರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ತೊಂದರೆ ಸಂಖ್ಯೆಯದಲ್ಲ, ನಮ್ಮ ಆಯ್ಕೆಯದು. ಈಗಲೂ ನಾವು ಹನ್ನೆರಡು ಚಿತ್ರದ ರೋಲಿನ ಬುದ್ಧಿಯಲ್ಲೇ ಮದುವೆ, ಪ್ರವಾಸಗಳನ್ನು ಉಳಿಸಿ, ಒಣಹಾಕಿದ ಬಟ್ಟೆ ಅಡ್ಡ ಬಂದದ್ದನ್ನು, ಯಾರೋ ಆಕಳಿಸಿದ್ದನ್ನು ಅಳಿಸಿಬಿಡುತ್ತೇವೆ. ದಿನಗಳು ಕಳೆದದ್ದು ಹೆಚ್ಚಾಗಿ ಆ ಅಳಿಸಿದ್ದರಲ್ಲಿ. ಈಗ ನಾನು ಏನನ್ನೂ ಕತ್ತರಿಸುವುದಿಲ್ಲ. ಯಾರಿಗೂ ಸರಿಯಿರೆಂದು ಹೇಳುವುದೂ ಇಲ್ಲ.

ಉಳಿದ ನಾಲ್ಕರಲ್ಲಿ ಒಂದು 2019ರ ಜೂನ್‌ನದು. ಚೆನ್ನೈಯ ಕೆರೆಗಳು ಬತ್ತಿ ಊರೆಲ್ಲ ನೀರಿಗೆ ಪರದಾಡುತ್ತಿದ್ದ ಬೇಸಿಗೆ. ಬೀದಿಯಲ್ಲಿ ನೀರಿನ ಲಾರಿ, ಅದರ ಹಿಂದೆ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು. ಆ ಸಾಲು ಬಲ ಅಂಚಿನವರೆಗೂ ಚಾಚಿದ್ದರಿಂದ ಅಂದು ಕತ್ತರಿಸಿರಲಿಲ್ಲ. ಅಲ್ಲೇ ಅಪ್ಪನ ಮೊಣಕೈ ಇದೆ. ದೊಡ್ಡದು ಮಾಡಿ ನೋಡಿದರೆ ಅಂಗಿಯ ತೋಳು ಅಲ್ಲಿ ಸವೆದು ಹರಿದಿದ್ದು, ಬೇರೆ ಬಣ್ಣದ ದಾರದಲ್ಲಿ ಹೊಲಿದಿರುವುದು ಕಾಣುತ್ತದೆ. ಹೊಲಿಗೆ ಅಮ್ಮನದು.